ಒಪ್ಪಿಗೆಯ ಸೀಲು

ಆ ಮಾತನ್ನು ಊಟಕ್ಕೆ ಕೂತಾಗ ಎತ್ತಬಾರದಿತ್ತು ಎಂದು ಅತ್ತೆ ಈಗಲೂ ಅನ್ನುತ್ತಾಳೆ. ಮತ್ತೆ ಯಾವಾಗ ಎತ್ತಬೇಕಿತ್ತು? ಆ ಮನೆಯ ನಾಲ್ಕು ಜನ ದೊಡ್ಡವರು ಒಟ್ಟಿಗೆ ಸಿಗುತ್ತಿದ್ದದ್ದೇ ಸಂಜೆ ಏಳೂವರೆಯ ಊಟಕ್ಕೆ. ಗಂಡ ಲಿಫ್ಟ್ ಮೆಕ್ಯಾನಿಕ್, ಬೆಳಗ್ಗೆ ಆರಕ್ಕೇ ಹೊರಟುಬಿಡುತ್ತಿದ್ದ. ಮುಂದಿನ ಕೋಣೆಯೇ ರಬ್ಬರ್ ಸೀಲಿನ ಅಂಗಡಿ. ಮಾವ ಅಲ್ಲಿ ಕೂತರೆ ಮಧ್ಯಾಹ್ನದ ಅನ್ನವನ್ನೂ ಅಲ್ಲೇ ತರಿಸಿಕೊಳ್ಳುತ್ತಿದ್ದ. ಸೊಸೆಯೂ ಅವನ ಎದುರಿನ ಮೇಜಿನಲ್ಲಿ ಕೂತು ಸಣ್ಣ ಚಾಕುವಿನಿಂದ ರಬ್ಬರಿನ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆಯುತ್ತಿದ್ದಳು. ಹದಿಮೂರು ವರ್ಷದ ಮಗಳು, ಆರು ವರ್ಷದ ಮಗ ಊಟ ಮುಗಿಸಿ ಒಳಗೆ ಹೋದ ಮೇಲೆ ಸೊಸೆ ಅನ್ನದ ಪಾತ್ರೆಗೆ ಮುಚ್ಚಳ ಹಾಕಿ ಹೇಳಿದಳು.

"ಎಂಟು ವಾರ ಆಗಿದೆ. ನನಗೆ ಬೇಡ. ತೆಗೆಸ್ತೀನಿ."

ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಮಾವ ನೀರಿನ ಲೋಟ ಎತ್ತಿಕೊಂಡ. ಮನೆಯಲ್ಲಿ ಮಾತು ಬಿಸಿಯಾಗುವ ಸೂಚನೆ ಕಂಡರೆ ಅವನಿಗೆ ಬಾಯಾರಿಕೆಯಾಗುತ್ತಿತ್ತು.

"ಏನು ತೆಗೆಸ್ತೀಯಾ?" ಅತ್ತೆ ಕೇಳಿದಳು. "ಹಲ್ಲಾ?"

"ನಿಮಗೆ ಗೊತ್ತಾಗಿದೆ ಅತ್ತೆ."

"ಗೊತ್ತಾಗಿದ್ದಕ್ಕೇ ಕೇಳ್ತಿದೀನಿ. ಹುಳುಕು ಹಲ್ಲು ಕೀಳಿಸೋ ಹಾಗೆ ಹೇಳ್ತೀಯಲ್ಲ. ಅದು ಜೀವ."

"ನಾನೂ ಜೀವವೇ."

"ನಿನ್ನನ್ನ ಯಾರು ಕೊಲ್ತಿದಾರೆ?"

ಸೊಸೆ ಹೇಳಿದಳು. ಮಗ ಹುಟ್ಟಿದಾಗ ರಕ್ತ ನಿಲ್ಲದೆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದು, ಮೂರು ತಿಂಗಳು ಹಾಸಿಗೆ ಬಿಟ್ಟು ಏಳದೇ ಇದ್ದದ್ದು, ಅತ್ತೆಗೂ ಆಗ ಕಾಲು ಮುರಿದಿದ್ದರಿಂದ ಏಳು ವರ್ಷದ ಮಗಳು ಸ್ಟೂಲಿನ ಮೇಲೆ ನಿಂತು ಒಲೆ ಮುಂದೆ ಸೌಟು ಹಿಡಿದದ್ದು, ಆ ಹುಡುಗಿ ಅರ್ಧ ವರ್ಷ ಶಾಲೆಯ ಮುಖ ನೋಡದೆ ಇನ್ನೂ ಗಣಿತದಲ್ಲಿ ಒದ್ದಾಡುತ್ತಿರುವುದು. "ನನಗೀಗ ಮೂವತ್ತೇಳು," ಅಂದಳು. "ಇನ್ನೊಂದು ಸಲ ಆಗಲ್ಲ."

ಎಲ್ಲರೂ ಗಂಡನ ಮುಖ ನೋಡಿದರು. ಅವನು ಕೈ ತೊಳೆಯಲು ಎದ್ದ.

"ನೋಡೋಣ," ಅಂದ.

ಈ "ನೋಡೋಣ" ಎಂಬ ಮಾತಿನ ಮಹಿಮೆ ಆ ಮನೆಯವರಿಗೆಲ್ಲ ಗೊತ್ತಿತ್ತು. ಬಚ್ಚಲಿನ ಚಿಲಕ ಮುರಿದು ಎರಡು ವರ್ಷವಾಗಿತ್ತು, ನೋಡೋಣ. ಮಗಳಿಗೆ ಕನ್ನಡಕ ಬೇಕು ಎಂದು ಟೀಚರು ಚೀಟಿ ಕಳಿಸಿದ್ದರು, ನೋಡೋಣ. ಅದರಲ್ಲಿ ಹೂಂ ಇಲ್ಲ, ಊಹೂಂ ಇಲ್ಲ. ಬೇರೆಯವರ ಕೆಲಸವನ್ನು ಜೇಬಿಗೆ ಹಾಕಿಕೊಂಡು ಹೊರಗೆ ತಿರುಗಾಡಲು ಹೋಗುವ ಮಾತು ಅದು. ಚಿಲಕವಾದರೆ ಕಾಯುತ್ತದೆ. ಹೊಟ್ಟೆ ಕಾಯುವುದಿಲ್ಲ.

ಮಾರನೆಯ ದಿನದಿಂದ ಚೌಕಾಸಿ ಶುರುವಾಯಿತು.

"ಹೆತ್ತು ನನ್ನ ಮಡಿಲಿಗೆ ಹಾಕು," ಅತ್ತೆ ಸೊಪ್ಪು ಬಿಡಿಸುತ್ತಾ ಹೇಳಿದಳು. "ನೀನು ತಿರುಗಿ ನೋಡೋದೂ ಬೇಡ. ನಾನು ಸಾಕ್ತೀನಿ."

"ನಿಮಗೆ ಅರವತ್ತೆಂಟು ಅತ್ತೆ."

"ಅರವತ್ತೇಳು."

"ಅದಕ್ಕೆ ಹತ್ತು ಆಗೋವಾಗ ನಿಮಗೆ ಎಷ್ಟಾಗುತ್ತೆ?"

"ಆಗ ನಾನು ಸತ್ತಿರ್ತೀನಿ, ಅದು ತನ್ನ ಮುಖ ತಾನೇ ತೊಳ್ಕೊಳ್ಳುತ್ತೆ. ಇವೆಲ್ಲ ಒಂದು ಕಾರಣವಾ?"

ಅಂಗಡಿಯಲ್ಲಿ ಮಾವ ಗಂಟಲು ಸರಿಮಾಡಿಕೊಂಡ. "ನೋಡಮ್ಮ, ಕೆಲಸ ಜಾಸ್ತಿಯಾಗುತ್ತೆ ಅಂತ ಇದ್ರೆ, ಅಂಗಡಿಗೆ ಒಬ್ಬರನ್ನ ಇಡೋಣ."

ಗಂಡ ಟೀ ಕುಡಿಯುತ್ತಾ, "ಈ ಸಲ ದೊಡ್ಡ ಡಾಕ್ಟರ ಹತ್ರ ತೋರಿಸೋಣ, ಹೋದ ಸಲದ ಹಾಗೆ ಆಗಲ್ಲ," ಅಂದ. ಯಾವ ಡಾಕ್ಟರು ಎಂದು ಕೇಳಿದರೆ, ನೋಡೋಣ.

ಸೊಸೆಗೆ ಒಂದು ವಾರದಲ್ಲಿ ಅರ್ಥವಾಯಿತು. ಕಾರಣ ಕೊಡುವುದೆಂದರೆ ಸಂತೆಯಲ್ಲಿ ತರಕಾರಿ ಹರಡಿಕೊಂಡು ಕೂತ ಹಾಗೆ. ಬಂದವರು ಒಂದೊಂದನ್ನೇ ಎತ್ತಿ, ಹಿಸುಕಿ ನೋಡಿ, ಇದು ಬಾಡಿದೆ, ಇದು ಹುಳುಕು ಎಂದು ವಾಪಸ್ಸು ಎಸೆಯುತ್ತಾರೆ. ಅವಳು ಗಂಟು ಕಟ್ಟಿದಳು.

"ನನಗೆ ಬೇಡ, ಅಷ್ಟೇ," ಅಂದಳು ಅತ್ತೆಗೆ. "ಇನ್ನು ಕಾರಣ ಕೇಳಬೇಡಿ. ಕೊಟ್ಟಿದ್ದನ್ನೆಲ್ಲ ನೀವು ತೂಕ ಹಾಕಿ ಕಡಿಮೆ ಅಂದಾಯ್ತು."

ಅತ್ತೆ ಸೊಪ್ಪಿನ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. "ಕಡಿಮೆಯೇ. ಯಾವ ಕಾರಣವೂ ಸಾಲಲ್ಲ. ನನಗೆ ಮೂರನೇದೊಂದು ಆಗಿತ್ತು, ನಿನಗೆ ಗೊತ್ತು. ಒಂಬತ್ತು ದಿನ ಇತ್ತು. ಹೆಸರೂ ಇಟ್ಟಿರಲಿಲ್ಲ. ಇದ್ದಿದ್ರೆ ಈಗ ನಲವತ್ತೊಂದು. ಪ್ರತಿ ವರ್ಷ ಎಣಿಸ್ತೀನಿ. ನಾನು ಬೇಕು ಅಂತ ಅತ್ತು ಕರೆದರೂ ಅದು ಉಳೀಲಿಲ್ಲ. ನೀನು ಬಂದಿರೋದನ್ನ ಬೇಡ ಅಂತೀಯಾ. ನಾನು ಹೇಗೆ ಹೂಂ ಅನ್ನಲಿ?"

"ಹೂಂ ಅನ್ನಬೇಡಿ. ಬಿಟ್ಟುಬಿಡಿ ಸಾಕು."

"ಬಿಡಲ್ಲ."

ಒಂಬತ್ತನೇ ವಾರದಲ್ಲಿ ಅವಳು ಒಬ್ಬಳೇ ಆಸ್ಪತ್ರೆಗೆ ಹೋದಳು. ಹೆಂಗಸರ ವಿಭಾಗದ ಕೌಂಟರಿಗೆ ಗಾಜು ಹಾಕಿ, ಅದರಲ್ಲಿ ಎದೆಯ ಮಟ್ಟಕ್ಕೊಂದು ತೂತು ಮಾಡಿದ್ದರು. ಮಾತಾಡಬೇಕೆಂದರೆ ಯಾರಾದರೂ ಸರಿ, ಬಗ್ಗಲೇಬೇಕು. ಒಳಗಿದ್ದ ಗುಮಾಸ್ತ ಅವಳ ಚೀಟಿ ಓದಿ, ಫಾರಂ ಒಂದನ್ನು ತೆಗೆದು, ಪ್ಯಾಡಿಗೆ ಸೀಲು ಒತ್ತಿ, ಫಾರಮ್ಮಿನ ನೆತ್ತಿಗೆ ಗುದ್ದಿ, ಹೊರಗೆ ತಳ್ಳಿದ.

"ತುಂಬಿಸಿ ತನ್ನಿ. ಹನ್ನೆರಡು ವಾರದ ಒಳಗೆ ಬರಬೇಕು. ಆಮೇಲೆ ಬಂದ್ರೆ ಇಲ್ಲಿ ಮಾಡಲ್ಲ, ದೊಡ್ಡ ಆಸ್ಪತ್ರೆಗೆ ಹೋಗ್ಬೇಕು."

ನೆತ್ತಿಯ ಮೇಲೆ ನೇರಳೆ ಮಸಿಯಲ್ಲಿ ಹೀಗಿತ್ತು: ಗಂಡನ ಒಪ್ಪಿಗೆ ಸಹಿ ಕಡ್ಡಾಯ.

ಅವಳು ಅದನ್ನು ಓದಲಿಲ್ಲ. ನೋಡಿದಳು. ಸೀಲು ಕೊರೆಯುವವರು ಅಕ್ಷರವನ್ನು ಮೊದಲು ನೋಡುತ್ತಾರೆ, ಆಮೇಲೆ ಓದುತ್ತಾರೆ. "ಒಪ್ಪಿಗೆ"ಯ ಪಕಾರದ ಕೆಳಗಿನ ಒತ್ತು ಉಲ್ಟಾ ನಿಂತಿತ್ತು. ರಬ್ಬರಿನಲ್ಲಿ ಎಲ್ಲ ಅಕ್ಷರವನ್ನೂ ತಿರುಗಿಸಿ ಕೊರೆದವರು ಆ ಒಂದು ಒತ್ತನ್ನು ತಿರುಗಿಸಲು ಮರೆತಿದ್ದರು. ಹೋದ ವರ್ಷ ಮಗಳಿಗೆ ಜ್ವರ ನೂರಮೂರಕ್ಕೆ ಏರಿದ ದಿನ ಗಡಿಬಿಡಿಯಲ್ಲಿ ಅವಳೇ ಕೊರೆದದ್ದು. ಗಿರಾಕಿ ತೆಗೆದುಕೊಂಡು ಹೋದ ಮೇಲೆ ಕಾಗದದ ಮೇಲಿನ ಗುರುತು ನೋಡಿ ನಾಲಿಗೆ ಕಚ್ಚಿಕೊಂಡಿದ್ದಳು. ಯಾರೂ ವಾಪಸ್ಸು ತಂದಿರಲಿಲ್ಲ.

"ಇದು ಕಾನೂನಾ?" ಅವಳು ಬಗ್ಗಿ ಕೇಳಿದಳು.

"ಸೀಲು ಇದೆಯಲ್ಲಮ್ಮ. ಕಾಣಲ್ವಾ?"

"ಕಾಣುತ್ತೆ. ನನಗೆ ಚೆನ್ನಾಗಿ ಕಾಣುತ್ತೆ."

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಂಗಡಿಯ ಆರ್ಡರು ಪುಸ್ತಕ ತೆಗೆದಳು. ಆಸ್ಪತ್ರೆಯ ಬೇರೆ ಸೀಲುಗಳಿಗೆಲ್ಲ ಕಚೇರಿಯ ಪತ್ರ ಬಂದಿತ್ತು, ಮೇಲಧಿಕಾರಿಯ ಸಹಿ ಇತ್ತು, ರಸೀದಿ ಆಸ್ಪತ್ರೆಯ ಹೆಸರಿಗಿತ್ತು. ಈ ಒಂದಕ್ಕೆ ಪತ್ರವಿಲ್ಲ. ಗುಮಾಸ್ತನದೇ ಕೈಬರಹ, ಗುಮಾಸ್ತನದೇ ಸಹಿ.

"ಮಾವ, ಇದನ್ನ ಆಸ್ಪತ್ರೆ ಮಾಡಿಸಿಲ್ಲ. ಆ ಮನುಷ್ಯ ತಾನೇ ಬಂದು ಮಾಡಿಸ್ಕೊಂಡು ಹೋಗಿದಾನೆ."

ಮಾವ ಕನ್ನಡಕ ಏರಿಸಿ ನೋಡಿದ. ನಲವತ್ತು ವರ್ಷ ಸೀಲು ಮಾಡಿದವನು ಅವನು. ಸೀಲು ಬಿದ್ದ ಕಾಗದವನ್ನು ಮಡಿಸುವಾಗಲೂ ಗೆರೆ ಸೀಲಿನ ಮೇಲೆ ಬರದಂತೆ ಮಡಿಸುತ್ತಿದ್ದ.

"ಆದ್ರೂ ಸೀಲು ಸೀಲೇ ಅಲ್ವೇನಮ್ಮ? ಒಂದು ಸಲ ಬಿದ್ದ ಮೇಲೆ..."

"ನಾನು ಕೊರೆದದ್ದು ಮಾವ. ನಾನು ಕೊರೆದಿದ್ದಕ್ಕೆ ನಾನೇ ಅಡ್ಡ ಬೀಳ್ಬೇಕಾ?"

"ನಿನ್ನ ಗಂಡನ ಹತ್ರ ಒಂದು ಸಹಿ ಹಾಕಿಸ್ಕೋ. ಮುಗೀತಲ್ಲ. ಯಾಕೆ ರಂಪ?"

ಅಂದು ಸಂಜೆ ಅವಳು ಫಾರಮ್ಮನ್ನು ಗಂಡನ ಮುಂದಿಟ್ಟಳು. ರಂಪ ಬೇಡವೆಂದೇ ಇಟ್ಟಳು. ಅವನು ಅದನ್ನು ಎರಡು ಸಲ ಓದಿದ. ಸೀಲನ್ನು ಓದುವಾಗ ಅವನ ಬೆನ್ನು ನೆಟ್ಟಗಾಯಿತು. ಹದಿನೈದು ವರ್ಷದಿಂದ ಬೇರೆಯವರ ಕಟ್ಟಡಗಳಲ್ಲಿ ಗ್ರೀಸು ಮೆತ್ತಿಕೊಂಡು, ಸೂಪರ್‌ವೈಸರನ ಬೈಗುಳ ತಿಂದು ಬರುತ್ತಿದ್ದವನಿಗೆ ತನ್ನ ಒಪ್ಪಿಗೆ ಕಡ್ಡಾಯ ಎಂದು ಯಾರೂ ಅಚ್ಚು ಒತ್ತಿ ಹೇಳಿರಲಿಲ್ಲ.

"ಇರಲಿ, ನೋಡೋಣ," ಅಂದು ಫಾರಮ್ಮನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಆಮೇಲಿನ ಎರಡು ವಾರ ಆ ಮನೆಯಲ್ಲಿ ನಡೆದದ್ದನ್ನು ಜಗಳ ಎನ್ನಲು ಬರುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೆಳಗ್ಗೆ ಅವಳು "ಸಹಿ" ಎಂದರೆ, "ಹೊತ್ತಾಯ್ತು, ಸಂಜೆ," ಅನ್ನುತ್ತಿದ್ದ. ಸಂಜೆ ಕೇಳಿದರೆ, "ಬಂದ ತಕ್ಷಣ ಶುರು ಮಾಡಿದ್ಯಾ? ಒಂದು ಟೀ ಆದ್ರೂ ಕೊಡು." ಟೀ ಕೊಟ್ಟರೆ ಸಕ್ಕರೆ ಕಮ್ಮಿ. ಅಂಗಿಗೆ ಇಸ್ತ್ರಿ ಸರಿಯಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿ ಮೊಟ್ಟೆ ತಣ್ಣಗಿತ್ತು. ಮೊದಲು ಇಂಥ ಮಾತಿಗೆ ಅವಳು, "ನಿಮ್ಮ ಕೈಗೇನು ಲಕ್ವ ಹೊಡೆದಿದೆಯಾ, ನೀವೇ ಮಾಡ್ಕೊಳ್ಳಿ," ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಈಗ ಎದ್ದು ಹೋಗಿ ಸಕ್ಕರೆ ಹಾಕಿಕೊಂಡು ಬರುತ್ತಿದ್ದಳು. ಅವನು ಅದನ್ನು ಗಮನಿಸಿದ. ಅವನಿಗೆ ಅದು ರುಚಿಸಿತು.

ಹತ್ತನೇ ವಾರದ ಕೊನೆಗೆ ಅವನು ಹೊಸದೊಂದು ತೆಗೆದ.

"ನನ್ನ ತಂಗಿಗೆ ಫೋನ್ ಮಾಡಿ ತಪ್ಪಾಯ್ತು ಅನ್ನು."

ತಂಗಿಯ ಜೊತೆ ಅವಳ ಮಾತು ನಿಂತು ಮೂರು ವರ್ಷವಾಗಿತ್ತು. ಮಗಳ ಬಣ್ಣದ ಬಗ್ಗೆ ಆ ನಾದಿನಿ ನಾಲ್ಕು ಜನರ ಮುಂದೆ ನಕ್ಕಿದ್ದಳು, ಇವಳು ತಟ್ಟೆ ಬಿಟ್ಟು ಎದ್ದು ಬಂದಿದ್ದಳು.

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸಂಬಂಧ ಇಲ್ಲ. ಅನ್ನು, ಅಷ್ಟೇ. ಆಮೇಲೆ ಇದರ ಬಗ್ಗೆ ನೋಡೋಣ."

ಅವಳು ಫೋನ್ ಮಾಡಿದಳು. ಗೋಡೆಯ ಕಡೆ ಮುಖ ಮಾಡಿ ನಿಂತು ತಪ್ಪಾಯ್ತು ಅಂದಳು. ಅತ್ತ ಕಡೆಯಿಂದ, "ಪರವಾಗಿಲ್ಲ ಬಿಡಿ ಅತ್ತಿಗೆ, ಈಗಲಾದ್ರೂ ಬುದ್ಧಿ ಬಂತಲ್ಲ," ಎಂದು ಬಂತು. ಫೋನಿಟ್ಟು ತಿರುಗಿ ಕೈ ಚಾಚಿದಳು. ಗಂಡ ಜೇಬು ತಟ್ಟಿಕೊಂಡ.

"ಪೆನ್ ಇಲ್ಲ," ಅಂದು ನಕ್ಕ.

ಒಲೆಯ ಮುಂದೆ ನಿಂತಿದ್ದ ಅತ್ತೆ ಆ ನಗುವನ್ನು ಕೇಳಿದಳು. ಅವಳೂ ಆ ಎರಡು ವಾರ ಮಗನ ಪರವೇ ಇದ್ದಳು. ಸಹಿ ಬೀಳದಿದ್ದರೆ ಜೀವ ಉಳಿಯುತ್ತದೆ ಎಂಬ ಒಂದೇ ಲೆಕ್ಕ ಅವಳದು. ಸೊಸೆಗೆ ದಿನಾ ಒಂದು ಲೋಟ ಹಾಲು ಕಾಯಿಸಿ ಮೇಜಿನ ಮೇಲೆ ಕುಕ್ಕುತ್ತಿದ್ದಳು. "ನಿನಗಲ್ಲ, ಒಳಗಿರೋದಕ್ಕೆ," ಅನ್ನುತ್ತಿದ್ದಳು. ಸೊಸೆ ಕುಡಿಯದೆ ಬಿಟ್ಟರೆ ಬೆಳಗ್ಗೆ ಅದೇ ಹಾಲಿಗೆ ಹೆಪ್ಪು ಹಾಕುತ್ತಾ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಹನ್ನೊಂದನೇ ವಾರದ ಸೋಮವಾರ ಮಾವ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಡ್ರಾಯರಿನಿಂದ ಒಂದು ಸಣ್ಣ ಪೊಟ್ಟಣ ತೆಗೆದ.

"ತಗೋಮ್ಮ. ಯಾರಿಗೂ ಹೇಳಬೇಡ."

ಬಿಚ್ಚಿದರೆ ಒಂದು ಸೀಲು. ಗಂಡನದೇ ಸಹಿ, ಕೊನೆಯ ಬಾಲದ ಸಮೇತ. ಲಿಫ್ಟಿನ ಕಂಪನಿಯಲ್ಲಿ ತಿಂಗಳಿಗೆ ಇನ್ನೂರು ತಪಾಸಣೆ ಕಾರ್ಡಿಗೆ ಸಹಿ ಹಾಕಿ ಕೈ ನೋಯುತ್ತದೆ ಎಂದು ಅವನು ಅಪ್ಪನ ಹತ್ತಿರ ಗೋಳಾಡಿದ್ದನಂತೆ. ಅಪ್ಪ ಮಾಡಿಕೊಟ್ಟಿದ್ದ. ಮೊದಲು ಕೊರೆದದ್ದು ಸ್ವಲ್ಪ ಸೊಟ್ಟ ಬಂತೆಂದು ಇಲ್ಲೇ ಉಳಿದಿತ್ತು.

ಸೊಸೆಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇನ್ನೂರು ಲಿಫ್ಟಿಗೆ ನೋಡದೇ ಒತ್ತೋ ಸಹಿಯಾ ಮಾವ ಇದು? ನನಗೆ ಮಾತ್ರ ಇಷ್ಟು ತುಟ್ಟಿಯಾ?"

"ಮೆತ್ತಗೆ. ಅವನ ಜೇಬಿನ ಫಾರಂ ಬಿಡು, ಇನ್ನೊಂದು ತಗೊಂಡು ಬಾ, ಒತ್ತು, ಕೊಡು. ನಿನ್ನ ಕೆಲಸವೂ ಆಗುತ್ತೆ, ಅವನ ಮಾನವೂ ಉಳಿಯುತ್ತೆ. ಮನೆ ಶಾಂತವಾಗಿರುತ್ತೆ."

"ಸೀಲು ಬಿದ್ದ ಮೇಲೆ ಅದೇ ಕಾನೂನು ಅಂತಿದ್ದವರು ನೀವು."

"ಕಾನೂನು ಬೇರೆ, ಸಂಸಾರ ಬೇರೆ."

ಅವಳು ಸೀಲನ್ನು ಮತ್ತೆ ಪೊಟ್ಟಣದಲ್ಲಿ ಸುತ್ತಿ ಅವನ ಮುಂದಿಟ್ಟಳು. ಮಾವನ ಮೇಲೆ ಅವಳಿಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದಕ್ಕೇ ಹೆಚ್ಚು ಸಿಟ್ಟು ಬಂತು.

"ಇದನ್ನ ಒತ್ತಿದ್ರೆ ಆ ಗುಮಾಸ್ತ ಹೇಳಿದ್ದು ಸರಿ ಅಂತ ನಾನೇ ಒಪ್ಪಿಕೊಂಡ ಹಾಗೆ ಮಾವ. ಇವರ ಒಪ್ಪಿಗೆ ಬೇಕಿತ್ತು, ಸಿಗಲಿಲ್ಲ, ಕದ್ದೆ. ಹಾಗಾಗುತ್ತೆ. ನಾನು ಕಳ್ಳಿ ಅಲ್ಲ. ನನ್ನದನ್ನ ನಾನು ಯಾಕೆ ಕದಿಯಲಿ?"

"ಇನ್ನು ಎಂಟು ದಿನ ಇದೆ. ಹಟ ಮಾಡಿದ್ರೆ ಯಾರಿಗೆ ನಷ್ಟ?"

"ನನಗೇ. ಗೊತ್ತು."

ಅಂದು ಮಧ್ಯಾಹ್ನ ಶಾಲೆಯೊಂದರ ಸೀಲು ಕೊರೆಯುವಾಗ ಚಾಕು ಜಾರಿ ಬೆರಳು ಕುಯ್ದುಕೊಂಡಳು. ಮಗಳು ಶಾಲೆಯಿಂದ ಬಂದು ಬಟ್ಟೆ ಕಟ್ಟಿದಳು. ಏನೂ ಕೇಳಲಿಲ್ಲ. ಕೇಳದೇ ಇದ್ದುಬಿಡುವುದನ್ನು ಆ ಹುಡುಗಿ ಏಳು ವರ್ಷಕ್ಕೇ ಸ್ಟೂಲಿನ ಮೇಲೆ ನಿಂತಾಗಲೇ ಕಲಿತಿದ್ದಳು.

ಬುಧವಾರ ಗಂಡನಿಗೆ ವಾರದ ರಜೆ. ಅವನು ಅಡಿಗೆಮನೆಯ ಬಾಗಿಲಲ್ಲಿ ಕೂತು ಆಲೂಗಡ್ಡೆ ಹುರಿದದ್ದನ್ನು ಬಾಣಲೆಯಿಂದಲೇ ತೆಗೆದು ತಿನ್ನುತ್ತಿದ್ದ. ಅತ್ತೆ ಮೊದಲ ಸಲ ಮಗನನ್ನು ನೇರವಾಗಿ ಕೇಳಿದಳು.

"ನಿನಗೆ ಈ ಮಗು ಬೇಕು ತಾನೇ?"

"ಹಾಗಂತ ಅಲ್ಲ."

"ಹಾಗಂತ ಅಲ್ಲ ಅಂದ್ರೆ?"

"ಎರಡು ಸಾಕಲ್ಲಮ್ಮ. ಮೂರನೇದಕ್ಕೆ ಎಲ್ಲಿಂದ ತರೋದು? ನಾಳೆ ನಾಡಿದ್ದು ಹಾಕ್ಕೊಡ್ತೀನಿ ಸಹಿ. ಕೊನೇ ದಿನ ಹಾಕಿದ್ರೂ ಆಗುತ್ತೆ ಅಂತೆ. ಆದ್ರೆ ಅವಳಿಗೆ ಗೊತ್ತಾಗಬೇಕು. ಏಕಾಏಕಿ ತಟ್ಟೆ ಮುಂದೆ ಕೂತು ತೆಗೆಸ್ತೀನಿ ಅಂತಾಳಲ್ಲ, ನಾನೇನು ಮನೇಲಿ ಇಲ್ವಾ? ಈಗ ನೋಡು, ಎಷ್ಟು ಮೆತ್ತಗಾಗಿದಾಳೆ. ಎದುರು ಮಾತಿಲ್ಲ."

ಅತ್ತೆ ಒಲೆ ಆರಿಸಿದಳು. ಬಾಣಲೆಯನ್ನು ಅವನ ಕೈಗೆಟುಕದ ಕಡೆಗೆ ಎಳೆದಿಟ್ಟಳು.

"ಅಂದ್ರೆ ಈ ಮೂರು ವಾರ ನಿನಗೆ ಆ ಕೂಸು ಬೇಕಾಗಿರಲಿಲ್ಲ."

"ನಿನಗೆ ಬೇಕಿತ್ತಲ್ಲ, ಅದಕ್ಕೆ ನಾನೂ ಸುಮ್ಮನಿದ್ದೆ."

"ನಾನು ಹಾಲು ಕಾಯಿಸ್ತಿದ್ದೆ. ಒಳಗಿರೋದಕ್ಕೆ ಅಂತ ದಿನಾ ಹಾಲು ಕಾಯಿಸ್ತಿದ್ದೆ. ನಿನಗೆ ಅದು ಪಗಡೆ ಕಾಯಿ. ಹೆಂಡತಿ ಟೀಗೆ ಸಕ್ಕರೆ ಹಾಕಲಿ ಅಂತ ಒಂದು ಜೀವವನ್ನ ಜೇಬಲ್ಲಿ ಇಟ್ಕೊಂಡು ತಿರುಗ್ತಿದ್ಯಾ?"

"ಅಮ್ಮ, ಕೂಗಬೇಡ."

"ಕೂಗ್ತೀನಿ. ಅವಳು ತಪ್ಪು ಮಾಡ್ತಿದಾಳೆ. ಇವತ್ತೂ ಹೇಳ್ತೀನಿ, ಸಾಯೋವರೆಗೂ ಹೇಳ್ತೀನಿ. ಆದ್ರೆ ಅವಳು ನಿದ್ದೆ ಕೆಟ್ಟು, ಊಟ ಬಿಟ್ಟು, ಎದೆ ಗಟ್ಟಿ ಮಾಡ್ಕೊಂಡು ತಪ್ಪು ಮಾಡ್ತಿದಾಳೆ. ನೀನು ಆಲೂಗಡ್ಡೆ ತಿಂತಾ ಮಾಡ್ತಿದೀಯಾ."

"ನಾನು ಗಂಡ. ಅಲ್ಲಿ ಸೀಲು ಒತ್ತಿದಾರೆ, ಓದು ಬೇಕಾದ್ರೆ."

"ಓದೋಕೆ ನನಗೆ ಬರುತ್ತೆ. ನಿನ್ನ ಮುಖದ ಮೇಲೆ ಏನು ಬರೆದಿದೆ ಅಂತ ನಲವತ್ತು ವರ್ಷದಿಂದ ತಪ್ಪು ಓದಿದೀನಿ, ಅಷ್ಟೇ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಅಂಗಡಿಗೆ ಬಂದಳು. ಸೊಸೆ ಬಟ್ಟೆ ಸುತ್ತಿದ ಬೆರಳಿನಲ್ಲೇ ಕೆಲಸ ಮಾಡುತ್ತಿದ್ದಳು.

"ನಾಳೆ ಎಷ್ಟು ಗಂಟೆಗೆ ತೆಗೀತಾರೆ ಆ ಕೌಂಟರು?"

"ಒಂಬತ್ತಕ್ಕೆ. ಯಾಕೆ ಅತ್ತೆ?"

"ಎಂಟಕ್ಕೆ ಹೊರಡೋಣ. ನನಗೆ ಕಾಲು ನೋವು, ನಿಧಾನ ನಡೀತೀನಿ."

ಮಾರನೆಯ ದಿನ ಗಾಜಿನ ತೂತಿನ ಮುಂದೆ ಅತ್ತೆ ಬಗ್ಗಲಿಲ್ಲ. ನೆಟ್ಟಗೆ ನಿಂತು ಗಾಜಿನ ಮೇಲೆ ಬೆರಳಿನ ಗೆಣ್ಣಿನಿಂದ ಬಡಿದಳು. ಗುಮಾಸ್ತನೇ ಎದ್ದು ನಿಲ್ಲಬೇಕಾಯಿತು.

"ನನ್ನ ಸೊಸೆ. ಹನ್ನೊಂದು ವಾರ. ಹೊಸ ಫಾರಂ ಕೊಡಿ."

"ಗಂಡ ಬಂದಿದಾರಾ?"

"ಇಲ್ಲ."

"ಸಹಿ?"

"ಇಲ್ಲ."

"ಹಾಗಾದ್ರೆ ಆಗಲ್ಲ. ನೀವು ಅತ್ತೆ ಒಪ್ಪಿದ್ರೂ ಆಗಲ್ಲ."

"ನಾನು ಒಪ್ಪಿದೀನಿ ಅಂತ ಯಾರು ಹೇಳಿದ್ದು? ನಾನು ಒಪ್ಪಿಲ್ಲ."

ಗುಮಾಸ್ತನಿಗೆ ಗೊಂದಲವಾಯಿತು. "ಮತ್ತೆ ಯಾಕೆ ಕರ್ಕೊಂಡು ಬಂದ್ರಿ?"

"ನಾನು ಒಪ್ಪೋದು ಬಿಡೋದು ನನ್ನ ತಲೆನೋವು. ಅದನ್ನ ಬರೆಯೋಕೆ ನಿಮ್ಮ ಫಾರಮ್ಮಲ್ಲಿ ಜಾಗ ಯಾಕೆ ಬೇಕು?"

ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಸೊಸೆ ಅತ್ತೆಯ ಪಕ್ಕದಿಂದ ಮುಂದೆ ಬಂದು ಆರ್ಡರು ಪುಸ್ತಕವನ್ನು ತೂತಿನೊಳಗೆ ತಳ್ಳಿದಳು.

"ಕಡ್ಡಾಯ ಅನ್ನೋ ಸೀಲು ಕೊರೆದವಳು ನಾನು. ಒಪ್ಪಿಗೆಯ ಒತ್ತಕ್ಷರ ಉಲ್ಟಾ ಇದೆ ನೋಡಿ, ನನ್ನ ತಪ್ಪು. ಮಾಡಿಸಿದ್ದು ನೀವು, ಆಸ್ಪತ್ರೆ ಅಲ್ಲ. ಸಹಿ ನಿಮ್ಮದು. ಒಳಗಿರೋ ಡಾಕ್ಟರನ್ನ ಕರೀರಿ, ಇದು ಯಾವ ಕಾನೂನು ಅಂತ ಅವರೇ ಹೇಳಲಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಎಲ್ಲರೂ ಹೇಳುತ್ತಾರೆ. ಪೂಜಾರಿಯ ಕೈ ಹಿಡಿದು ಕೇಳುವವರು ಕಡಿಮೆ. ಗಲಾಟೆಗೆ ಒಳಗಿನಿಂದ ಡಾಕ್ಟರಮ್ಮ ಬಂದಳು. ಪುಸ್ತಕ ನೋಡಿದಳು, ಫಾರಂ ನೋಡಿದಳು.

"ಏನ್ರಿ ಇದು? ಕಾನೂನಿಗೆ ಹೆಂಗಸಿನ ಸಹಿ ಒಂದೇ ಸಾಕು. ಈ ಸೀಲು ಯಾರು ತಂದಿದ್ದು?"

"ಒಬ್ಬ ಗಂಡ ಬಂದು ನನ್ನ ಕಾಲರ್ ಹಿಡ್ಕೊಂಡಿದ್ದ ಮೇಡಂ," ಗುಮಾಸ್ತನ ದನಿ ಇಳಿದಿತ್ತು. "ನನ್ನನ್ನ ಕೇಳದೇ ಹೇಗೆ ಮಾಡಿದ್ರಿ ಅಂತ. ನೀವೆಲ್ಲ ಒಳಗೆ ಇರ್ತೀರಿ. ಹೊಡೆಸ್ಕೊಳ್ಳೋನು ನಾನು. ಅದಕ್ಕೆ..."

"ಒಂದು ವರ್ಷ," ಅಂದಳು ಸೊಸೆ. "ಒಂದು ವರ್ಷದಲ್ಲಿ ಎಷ್ಟು ಜನರನ್ನ ವಾಪಸ್ಸು ಕಳಿಸಿದೀರಿ?"

ಗುಮಾಸ್ತ ಸೀಲನ್ನು ಮೇಜಿನ ಕೆಳಗೆ ಸರಿಸಿದ. ವರ್ಷವಿಡೀ ಅದೇ ಫಾರಮ್ಮುಗಳು ಡಾಕ್ಟರಮ್ಮನ ಮೇಜಿಗೂ ಹೋಗಿದ್ದವು. ಅವಳು ನೆತ್ತಿಯನ್ನು ಓದದೆ ಬುಡಕ್ಕೆ ಸಹಿ ಹಾಕಿದ್ದಳು. ಇದನ್ನು ಸೊಸೆ ಮುಖದ ಮೇಲೇ ಹೇಳಿದಳು. ಡಾಕ್ಟರಮ್ಮ ಸೀಲಿಲ್ಲದ ಫಾರಂ ಒಂದನ್ನು ತಾನೇ ತೆಗೆದುಕೊಟ್ಟು, ಪೆನ್ನನ್ನೂ ಕೊಟ್ಟು, "ಒಳಗೆ ಬನ್ನಿ," ಎಂದಳು.

ಸೊಸೆ ಸಹಿ ಹಾಕಿದಳು. ಕುಯ್ದ ಬೆರಳಿನಿಂದಾಗಿ ಅಕ್ಷರ ದಪ್ಪ ಬಂತು.

ಬಾಗಿಲ ಹತ್ತಿರ ಅತ್ತೆ ಅವಳ ಮೊಣಕೈ ಹಿಡಿದಳು. ಸೊಸೆ ನಿಂತಳು.

"ಇನ್ನೂ ಒಂದು ಸಲ ಕೇಳ್ತೀನಿ. ಬೇಡವಾ?"

"ಬೇಡ ಅತ್ತೆ."

"ಸರಿ. ಹೋಗು." ಅತ್ತೆ ಬೆಂಚಿನ ಮೇಲೆ ಕೂತಳು. ಕಣ್ಣೀರನ್ನು ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದವಳು ನೀರಿನ ಬಾಟಲಿ ನೀಡಿದರೆ, "ನನಗೇನಾಗಿದೆ?" ಎಂದು ಗದರಿದಳು.

ಸಂಜೆ ಗಂಡ ಬರುವಾಗ ಸೊಸೆ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಗಳು ಅವಳ ಕಾಲ ಮೇಲೆ ಹೊದಿಕೆ ಹಾಕಿ ಗಣಿತದ ಪುಸ್ತಕ ಬಿಚ್ಚಿಕೊಂಡಿದ್ದಳು. ಅಂಗಡಿಯಲ್ಲಿ ಅಪ್ಪ ಮೂರನೇ ಲೋಟ ನೀರು ಕುಡಿಯುತ್ತಿದ್ದದ್ದನ್ನು ನೋಡಿಯೇ ಅವನಿಗೆ ಅರ್ಧ ತಿಳಿದಿತ್ತು.

"ಯಾರು ಸಹಿ ಹಾಕಿದ್ದು?"

"ನಾನು."

"ನನ್ನ ಒಪ್ಪಿಗೆ ಇಲ್ಲದೆ ಹೇಗೆ ಮಾಡಿದ್ರು? ನಾಳೆ ಹೋಗಿ ವಿಚಾರಿಸ್ತೀನಿ. ಕೇಸ್ ಹಾಕ್ತೀನಿ."

"ಹಾಕಿ."

ಅವನು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಅವಳ ಮುಂದೆ ಎಸೆದ. ಮಡಿಕೆಯಲ್ಲಿ ಗ್ರೀಸು ಹತ್ತಿತ್ತು.

"ಇವತ್ತು ಹಾಕೋಣ ಅಂತಲೇ ಇದ್ದೆ. ದಾರೀಲಿ ಪೆನ್ ಕೂಡ ತಗೊಂಡೆ. ಒಂದು ದಿನ ತಡೆಯೋಕೆ ಆಗಲಿಲ್ವಾ ನಿನಗೆ? ಅದು ನನ್ನ ಮಗುವೂ ಹೌದು."

ಸೊಸೆ ಕಾಗದವನ್ನು ಮುಟ್ಟಲಿಲ್ಲ.

"ಹೌದು. ನಿಮ್ಮದೂ ಹೌದು," ಅಂದಳು. ಅವಳ ದನಿ ಏರಲಿಲ್ಲ, ನಿತ್ರಾಣವಿತ್ತು. "ಈ ಮೂರು ವಾರದಲ್ಲಿ ಅದರ ಬಗ್ಗೆ ನೀವು ಒಂದು ಮಾತು ಆಡಿದ್ರೆ ನೆನಪು ಮಾಡಿ ಹೇಳಿ. ಬೇಕು ಅಂತ ಅತ್ತಿದ್ರೆ, ಬೇಡ ಅಂತ ಬೈದಿದ್ರೆ, ಏನಾದ್ರೂ. ಅತ್ತೆ ದಿನಾ ಜಗಳ ಆಡಿದ್ರು, ಅದಕ್ಕೋಸ್ಕರ ಆಡಿದ್ರು. ನೀವು ಸಹಿ ಬಗ್ಗೆ ಆಡಿದ್ರಿ. ನಿಮ್ಮ ಸಹಿ ಹೋಯ್ತು ಅಂತ ಈಗ ನಿಮಗೆ ದುಃಖ."

ಅವನು ಮಗಳ ಕಡೆ ನೋಡಿದ. ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಅವನು ಅಡಿಗೆಮನೆಗೆ ಹೋಗಿ ತಟ್ಟೆ ಹಿಡಿದು ನಿಂತ. ಅತ್ತೆ ಬಡಿಸಲಿಲ್ಲ.

"ಪಾತ್ರೆಯಲ್ಲಿದೆ. ಹಾಕ್ಕೋ."

ಅವಳು ಇನ್ನೊಂದು ತಟ್ಟೆಗೆ ಬಿಸಿ ಅನ್ನ ಹಾಕಿ, ಬೇಳೆ ಸುರಿದು, ಒಂದು ಬೆಂದ ಮೊಟ್ಟೆ ಇಟ್ಟುಕೊಂಡು ಒಳಕೋಣೆಗೆ ಬಂದಳು. ಸೊಸೆಯ ಮುಂದೆ ಅದನ್ನು ಕುಕ್ಕಿದಳು. ತಟ್ಟೆಯಿಂದ ನಾಲ್ಕು ಅಗುಳು ಹಾರಿ ಹೊದಿಕೆಯ ಮೇಲೆ ಬಿದ್ದವು.

"ಅತ್ತೆ..."

"ಮಾತಾಡಿಸಬೇಡ. ನಾನು ನಿನ್ನ ಕಡೆ ಬಂದೆ ಅಂತ ತಿಳ್ಕೋಬೇಡ. ಇನ್ನು ಮೇಲೆ ಪ್ರತಿ ವರ್ಷ ನಾನು ಎರಡು ಎಣಿಸಬೇಕು."

"ತಿಳ್ಕೊಂಡಿಲ್ಲ ಅತ್ತೆ."

"ಕ್ಷಮಿಸಿದೀನಿ ಅಂತಲೂ ತಿಳ್ಕೋಬೇಡ."

"ಇಲ್ಲ."

ಅತ್ತೆ ಅಲ್ಲೇ, ಬಾಗಿಲಿಗೆ ಅಡ್ಡವಾಗಿ, ನೋಯುವ ಕಾಲನ್ನು ನೀಡಿಕೊಂಡು ನೆಲದ ಮೇಲೆ ಕೂತಳು. ಆ ಬಾಗಿಲಿನಿಂದ ಒಳಗೆ ಬರಬೇಕೆಂದರೆ ಈಗ ಯಾರಾದರೂ ಅವಳನ್ನು ದಾಟಿಯೇ ಬರಬೇಕಿತ್ತು.

"ಆರೋಕೆ ಮುಂಚೆ ಉಣ್ಣು," ಅಂದಳು.